ಎಂಟನೇ ತಿರುವಿನಲ್ಲಿ ಸಿಕ್ಕಿಕೊಂಡ ಆಕ್ಸಿಲರೇಟರ್

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಒಂದೊಂದನ್ನೇ ಎಣಿಸುತ್ತಿದ್ದ. "ಮಾಮ, ಎಂಟು" ಅಂದ. ಅದಕ್ಕೆ ಮುಂಚಿನ ಏರಿಗೆ ನಾನು ಸೆಕೆಂಡ್ ಗೇರಿನಲ್ಲಿ ಜೋರಾಗಿಯೇ ಒತ್ತಿದ್ದೆ. ತಿರುವು ಹತ್ತಿರ ಬಂತು, ಕಾಲು ತೆಗೆದೆ. ಎಂಜಿನ್ ಸದ್ದು ಇಳಿಯಲಿಲ್ಲ.

ಮಳೆ ಬರುತ್ತಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಮೋಟು ಗೋಡೆ, ಅದರಾಚೆ ಬರೀ ಮಂಜು. ಕಾಲು ಪೆಡಲ್ ಮೇಲೆ ಇಲ್ಲ, ಆದರೂ ನನ್ನ ಹಳೆ ಮಾರುತಿ ಜಿಪ್ಸಿ ಜೀಪು ಮುಂದಕ್ಕೆ ನುಗ್ಗುತ್ತಿದೆ. ಕ್ಲಚ್ ಒತ್ತಿದೆ. ಎಂಜಿನ್ ರೇಸ್ ಆಗಿ ಕಿರುಚಿತು. ಆ ಸದ್ದಿಗೆ ಹುಡುಗ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದೆ, ಕೀಯನ್ನು ಹಿಂದಕ್ಕೆ ತಿರುಗಿಸಿದೆ. ಎಲ್ಲ ಸುಮ್ಮನಾಯಿತು. ವೈಪರ್ ಅರ್ಧದಲ್ಲೇ ನಿಂತಿತ್ತು.

ಆ ಕೆಲವು ಸೆಕೆಂಡಿನ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಇದು ಯಾರಿಗೂ ಆಗಬಹುದು. ಕ್ಲಚ್ ಒತ್ತಿದಾಗ ಎಂಜಿನ್ ಕಿರುಚುವುದು ಕೇಳಿ ಎಷ್ಟೋ ಜನ ಹೆದರಿ ಕ್ಲಚ್ ಬಿಟ್ಟುಬಿಡುತ್ತಾರೆ. ಬಿಡಬಾರದು, ಬಿಟ್ಟರೆ ಎಂಜಿನ್ ಮತ್ತೆ ಚಕ್ರಗಳನ್ನು ತಳ್ಳುತ್ತದೆ. ಎಂಜಿನ್ ಹಾಳಾದರೆ ರಿಪೇರಿ ಮಾಡಬಹುದು. ಇನ್ನೊಂದು, ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬಾರದು. ಬೂಸ್ಟರ್ (ಕಾಲಿನ ಬಲವನ್ನು ಹೆಚ್ಚಿಸುವ ಭಾಗ) ಇರುವ ಬ್ರೇಕಿಗೆ ಬಲ ಕೊಡುವುದು ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಅದು ಗಾಳಿ ಹೀರುವ ಎಳೆತ. ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ತೆರೆದೇ ಇದ್ದರೆ ಆ ವ್ಯಾಕ್ಯೂಮ್ ಹುಟ್ಟುವುದೇ ಕಡಿಮೆ. ಒಳಗೆ ಉಳಿದಿರುವುದು ಒಂದೆರಡು ಸಲಕ್ಕೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕೀಯನ್ನು ಎಂಜಿನ್ ಆಫ್ ಆಗುವಷ್ಟು ಮಾತ್ರ ತಿರುಗಿಸಬೇಕು. ಪೂರ್ತಿ ತಿರುಗಿಸಿ ಹೊರಗೆ ಎಳೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದೆ. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್ ಪಕ್ಕದ ಥ್ರಾಟಲ್ ಲಿವರ್ ಮುಕ್ಕಾಲು ತೆರೆದ ಜಾಗದಲ್ಲೇ ನಿಂತಿತ್ತು. ಬೆರಳಿನಿಂದ ತಳ್ಳಿದೆ. ಟಪ್ ಅಂತ ತನ್ನ ಜಾಗಕ್ಕೆ ಬಂತು. ಮತ್ತೆ ಪೆಡಲ್ ಒತ್ತಿ ನೋಡಿದರೆ ಎಲ್ಲ ಸರಿ. ಈ ರೋಗದ ಕಷ್ಟವೇ ಇದು. ಹುಡುಕಲು ಹೋದಾಗ ಕಾಣುವುದಿಲ್ಲ.

ಮೇಲಕ್ಕೆ ಹೋಗುವ ಆಲೋಚನೆ ಬಿಟ್ಟೆವು. ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಎಂಜಿನ್ ಹಿಡಿತದಲ್ಲೇ ಸೋಮೇಶ್ವರಕ್ಕೆ ಇಳಿದೆವು. ಹೆಬ್ರಿಯ ಒಂದು ಗ್ಯಾರೇಜಿನಲ್ಲಿ ನೋಡಿದವರು "ಸ್ಪ್ರಿಂಗ್ ವೀಕ್ ಆಗಿದೆ" ಅಂದರು. ಲಿವರನ್ನು ವಾಪಸ್ ಎಳೆಯುವ ರಿಟರ್ನ್ ಸ್ಪ್ರಿಂಗ್ ಜೊತೆಗೆ ಇನ್ನೊಂದು ದಪ್ಪ ಸ್ಪ್ರಿಂಗ್ ಸಿಕ್ಕಿಸಿ ಕೊಟ್ಟರು. ಪೆಡಲ್ ಭಾರವಾಯಿತು. ಮಲ್ಪೆಯ ಮನೆವರೆಗೆ ಏನೂ ತೊಂದರೆ ಆಗಲಿಲ್ಲ. ಸರಿಯಾಯಿತು ಅಂತಲೇ ನಾನೂ ನಂಬಿದೆ.

ನಾಲ್ಕನೇ ದಿನ ಮಣಿಪಾಲಕ್ಕೆ ಹೋಗುವಾಗ, ಇಂದ್ರಾಳಿ ದಾಟಿ ಏರು ಶುರುವಾಗುವಲ್ಲಿ, ಮತ್ತೆ ಸಿಕ್ಕಿಕೊಂಡಿತು. ಈ ಸಲ ಪೆಡಲನ್ನು ಇನ್ನೊಮ್ಮೆ ತಟ್ಟಿದಾಗ ಬಿಟ್ಟಿತು. ಅಲ್ಲೇ ತಿರುಗಿಸಿ ನಿಧಾನವಾಗಿ ಮನೆಗೆ ತಂದೆ. ಕಾರಣ ಸಿಗುವವರೆಗೆ ಈ ಗಾಡಿ ಶೆಡ್ಡಿನಿಂದ ಹೊರಗೆ ಹೋಗುವುದಿಲ್ಲ ಅಂತ ಮನೆಯಲ್ಲಿ ಹೇಳಿದೆ. ಅಮ್ಮನಿಗೆ ಅಷ್ಟೇ ಸಾಕಾಗಿತ್ತು.

ಗಾಡಿಯ ಬಗ್ಗೆ ಎರಡು ಮಾತು. ಜಿಪ್ಸಿ ಭಾರತಕ್ಕೆ ಬಂದದ್ದು 1985ರಲ್ಲಿ. 1996ರಲ್ಲಿ 1.3 ಲೀಟರ್ ಎಂಜಿನ್ ಬಂತು. 2000ದಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಬಂತು. ನನ್ನದು 1998ರದ್ದು, ಅಂದರೆ ಕಾರ್ಬೊರೇಟರ್ ಗಾಡಿ. ನಂಬರ್ ಕೆಎ 20, ಅಂದರೆ ಉಡುಪಿಯದ್ದು. ಉಡುಪಿ ಬೇರೆ ಜಿಲ್ಲೆಯಾಗಿ ಒಂದು ವರ್ಷವಷ್ಟೇ ಆಗಿತ್ತು ಆಗ. ಇದರಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪೆಡಲ್, ಒಂದು ವೈರ್, ಒಂದು ಲಿವರ್, ಬಟರ್‌ಫ್ಲೈ ಎಂಬ ತಗಡಿನ ಬಿಲ್ಲೆ (ಥ್ರಾಟಲ್ ಬಾಗಿಲು ಇದೇ), ವಾಪಸ್ ಎಳೆಯುವ ಸ್ಪ್ರಿಂಗ್. ಇಷ್ಟೇ. ಹಾಗಾಗಿ ತೊಂದರೆ ಇರುವುದೂ ಇವುಗಳಲ್ಲೇ ಒಂದರಲ್ಲಿ. ಇದು ನನಗೆ ಧೈರ್ಯ ಕೊಟ್ಟ ವಿಷಯ.

ಭಾನುವಾರ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಶುರು ಮಾಡಿದೆವು. ಮೊದಲು ಮ್ಯಾಟ್ ತೆಗೆದೆವು. ಅದರ ಅಂಚು ಪೆಡಲ್ ಅಡಿಗೆ ಸಿಕ್ಕಿಕೊಳ್ಳುವುದು ಎಲ್ಲ ಗಾಡಿಗಳಲ್ಲೂ ಆಗುವ ಸಂಗತಿ. ನಮ್ಮದರಲ್ಲಿ ಹಾಗಿರಲಿಲ್ಲ, ಆದರೆ ಮ್ಯಾಟ್ ಅಡಿಯಲ್ಲಿ ಎರಡು ಹಿಡಿ ಸಮುದ್ರದ ಮರಳು ಇತ್ತು. ಪೆಡಲಿನ ಮೇಲಿನ ಕೀಲಿನಲ್ಲೂ ಮರಳು. ಬ್ರಶ್ ಹಾಕಿ ತೆಗೆದೆವು. ತಣ್ಣಗಿನ ಎಂಜಿನ್ ಶುರು ಮಾಡಲು ಎಳೆಯುವ ಚೋಕ್ ನೋಡಿದೆ. ಚೋಕ್ ಎಳೆದೇ ಇದ್ದರೂ ಎಂಜಿನ್ ಜಾಸ್ತಿ ಓಡುತ್ತದೆ, ಅದನ್ನು ಆಕ್ಸಿಲರೇಟರ್ ಸಿಕ್ಕಿಕೊಂಡದ್ದು ಅಂತ ತಪ್ಪಾಗಿ ತಿಳಿಯಬಹುದು. ನಾಬ್ ಪೂರ್ತಿ ಒಳಗೇ ಇತ್ತು.

ಆಮೇಲೆ ಏರ್ ಕ್ಲೀನರ್ ಬಿಚ್ಚಿದೆ. ಬಿಚ್ಚಿದ ಕೂಡಲೇ ಕಾರ್ಬೊರೇಟರ್ ಬಾಯಿಗೆ ಬಟ್ಟೆ ಮುಚ್ಚಿದೆ. ಒಂದು ಸಣ್ಣ ನಟ್ ಒಳಗೆ ಬಿದ್ದರೆ ಎಂಜಿನ್ನಿನ ಗತಿ ಅಷ್ಟೇ. ವೈರಿನ ತುದಿಯನ್ನು ಲಿವರಿನಿಂದ ಕಳಚಿದೆ. ಇದೇ ಮುಖ್ಯ ಹೆಜ್ಜೆ. ಇಡೀ ದಾರಿಯನ್ನು ಎರಡು ತುಂಡು ಮಾಡಿ ನೋಡಬೇಕು. ಈ ಕಡೆ ಕಾರ್ಬೊರೇಟರ್, ಆ ಕಡೆ ವೈರ್ ಮತ್ತು ಪೆಡಲ್. ಒಟ್ಟಿಗೆ ನೋಡುತ್ತಾ ಕೂತರೆ ದಿನವಿಡೀ ಮಂಡೆ ಬಿಸಿ ಮಾಡಿಕೊಳ್ಳುವುದೇ ಆಗುತ್ತದೆ.

ಹೆಬ್ರಿಯಲ್ಲಿ ಹಾಕಿದ ದಪ್ಪ ಸ್ಪ್ರಿಂಗನ್ನೂ ತೆಗೆದೆ. ಅದಿದ್ದರೆ ಸತ್ಯ ಗೊತ್ತಾಗುವುದಿಲ್ಲ. ಕೈಯಲ್ಲಿ ಲಿವರ್ ತಿರುಗಿಸಿ ಬಿಟ್ಟರೆ ವಾಪಸ್ ಬರುತ್ತಿತ್ತು, ಆದರೆ ಕೊನೆಯಲ್ಲಿ ಸ್ವಲ್ಪ ಸೋಮಾರಿತನ ಇತ್ತು. ಬಟರ್‌ಫ್ಲೈ ಕೂತಿರುವ ಶಾಫ್ಟಿನ ಎರಡೂ ತುದಿಯಲ್ಲಿ ಕಪ್ಪು ಅಂಟು ಕಟ್ಟಿತ್ತು. ಧೂಳು, ಎಣ್ಣೆ, ಉಪ್ಪುಗಾಳಿ ಎಲ್ಲ ಸೇರಿದ ಅಂಟು. ಕಾರ್ಬೊರೇಟರ್ ಕ್ಲೀನರ್ ಹೊಡೆದು, ಹಳೆ ಟೂತ್‌ಬ್ರಶ್‌ನಲ್ಲಿ ತಿಕ್ಕಿ, ಮತ್ತೆ ಹೊಡೆದೆ. ಲಿವರ್ ಚುರುಕಾಗಿ ಬಡಿಯತೊಡಗಿತು. ಘಾಟಿಯಲ್ಲಿ ಬೆರಳು ತಾಗಿಸಿದಾಗ ಬಿಟ್ಟದ್ದು ಇದೇ ಲಿವರ್ ಅಲ್ವಾ? ಹಾಗಾಗಿ ಕಳ್ಳ ಸಿಕ್ಕಿದ ಅಂತಲೇ ಅಂದುಕೊಂಡೆ. ವೈರ್ ವಾಪಸ್ ಹಾಕಿದೆ. ಹುಡುಗನಿಗೆ ಪೆಡಲ್ ಒತ್ತಲು ಹೇಳಿದೆ. ಹತ್ತು ಸಲ ಒತ್ತಿದ. ಹತ್ತು ಸಲವೂ ಸರಿ.

ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರು ಬಂದರು. ಮಲ್ಪೆ ಬಂದರಿನಲ್ಲಿ ವರ್ಷಗಟ್ಟಲೆ ಬೋಟಿನ ಎಂಜಿನ್ ಕೆಲಸ ಮಾಡಿದವರು. ಈಗ ಕೆಲಸ ಬಿಟ್ಟಿದ್ದಾರೆ, ಆದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಬೋಟುಗಳು ದಡಕ್ಕೆ ಬಂದಾಗ ಈಗಲೂ ಹುಡುಗರು ಅವರನ್ನು ಕೇಳಲು ಬರುತ್ತಾರೆ. ನಾನು ಅವರನ್ನು ಅಣ್ಣ ಅನ್ನುತ್ತೇನೆ, ಹುಡುಗ ಅಜ್ಜ ಅನ್ನುತ್ತಾನೆ.

"ಎಂತ ಸಿಕ್ಕಿತಾ?" ಅಂದರು.

"ಶಾಫ್ಟಿನಲ್ಲಿ ಅಂಟು ಇತ್ತು ಅಣ್ಣ. ತೆಗೆದೆ. ಈಗ ಸರಿ ಉಂಟು."

"ಸಿಕ್ಕಿಕೊಂಡದ್ದು ಎಲ್ಲಿ?"

"ಘಾಟಿಯಲ್ಲಿ. ಮತ್ತೆ ಮಣಿಪಾಲದ ಏರಿನಲ್ಲಿ."

"ಊರೊಳಗೆ?"

"ಒಂದು ಸಲವೂ ಇಲ್ಲ."

ಅವರು ಹುಡುಗನ ಕಡೆ ತಿರುಗಿದರು. "ನೀನು ಹೀಗೆ ಮೆಲ್ಲ ಒತ್ತಿದರೆ ಅದು ಯಾಕೆ ಸಿಕ್ಕಿಕೊಳ್ತದೆ? ಅಜ್ಜ ಹೇಳುವ ಹಾಗೆ ಮಾಡು. ಘಾಟಿ ಹತ್ತುವವನ ಹಾಗೆ ಪೂರ್ತಿ ಒತ್ತು. ನೆಲಕ್ಕೆ ತಾಗುವ ಹಾಗೆ."

ಹುಡುಗ ಪೂರ್ತಿ ಒತ್ತಿದ. ಒಂದು, ಎರಡು, ಮೂರು. ನಾಲ್ಕನೇ ಸಲ ಕಾಲು ತೆಗೆದಾಗ ಲಿವರ್ ವಾಪಸ್ ಬರಲಿಲ್ಲ. ಎಂಜಿನ್ ಆಫ್ ಇದೆ, ಗಾಡಿ ನಿಂತಿದೆ, ಶೆಡ್ಡಿನಲ್ಲಿ ಬೆಳಕಿದೆ, ಮತ್ತು ರೋಗ ಕಣ್ಣೆದುರೇ ಇದೆ. ನನಗಾದ ಸಂತೋಷ ಹೇಳತೀರದು.

"ಮುಟ್ಟಬೇಡ" ಅಂದರು ಅಣ್ಣ. "ಅಲ್ಲಿಯೇ ಇರಲಿ. ಮೊದಲು ನೋಡುವ."

ನಾನು ಆಗುಂಬೆಯಲ್ಲಿ ಮಾಡಿದ ತಪ್ಪು ಅದೇ. ನೋಡುವ ಮೊದಲೇ ಬೆರಳಿನಿಂದ ತಳ್ಳಿದ್ದೆ. ತಳ್ಳಿದ ಕೂಡಲೇ ಎಲ್ಲಿ ಹಿಡಿದಿತ್ತು ಎಂಬ ಗುರುತೇ ಹೋಗಿತ್ತು.

ಟಾರ್ಚ್ ಹಾಕಿ ನೋಡಿದೆವು. ವೈರಿನ ಔಟರ್, ಅಂದರೆ ಹೊರಗಿನ ಕೊಳವೆ, ಒಂದು ಬ್ರಾಕೆಟ್ಟಿಗೆ ಬಂದು ಮುಗಿಯುತ್ತದೆ. ಅದರ ಬಾಯಿಂದ ಇನ್ನರ್ ಹೊರಗೆ ಬಂದು ಲಿವರಿಗೆ ಸೇರುತ್ತದೆ. ಆ ಬಾಯಿಯ ಹತ್ತಿರ, ಇನ್ನರಿನಲ್ಲಿ ಕೂದಲಿನಷ್ಟು ತೆಳುವಾದ ಎರಡು ಎಳೆಗಳು ತುಂಡಾಗಿ ಹೊರಗೆ ಚಾಚಿದ್ದವು. ಇನ್ನರ್ ಅಂದರೆ ಒಂದೇ ತಂತಿಯಲ್ಲ, ಹಲವು ಸಣ್ಣ ಎಳೆಗಳನ್ನು ಹಗ್ಗದ ಹಾಗೆ ಹೊಸೆದದ್ದು. ಅರ್ಧ ಒತ್ತಿದರೆ ಆ ತುಂಡಾದ ಜಾಗ ಔಟರಿನ ಹೊರಗೇ ಇರುತ್ತದೆ, ಏನೂ ಆಗುವುದಿಲ್ಲ. ಪೂರ್ತಿ ಒತ್ತಿದರೆ ಅದು ಔಟರ್ ಒಳಗೆ ಹೋಗುತ್ತದೆ. ವಾಪಸ್ ಬರುವಾಗ ಎಳೆಗಳು ಮೀನಿನ ಗಾಳದ ಮುಳ್ಳಿನ ಹಾಗೆ ಹಿಂದಕ್ಕೆ ಮಡಚಿ ಬಾಯಿಗೆ ಕಚ್ಚಿಕೊಳ್ಳುತ್ತವೆ. ಊರೊಳಗೆ ಯಾಕೆ ಸರಿ, ಏರಿನಲ್ಲಿ ಮಾತ್ರ ಯಾಕೆ ಹೀಗೆ ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ದಪ್ಪ ಸ್ಪ್ರಿಂಗ್ ಮೂರು ದಿನ ಏನು ಮಾಡಿತು ಎಂಬುದಕ್ಕೂ ಉತ್ತರ ಅದೇ. ಕಚ್ಚಿದ್ದನ್ನು ಜೋರಿನಿಂದ ಎಳೆದು ಬಿಡಿಸುತ್ತಿತ್ತು. ಪ್ರತಿ ಸಲ ಎಳೆದಾಗ ಎಳೆ ಇನ್ನಷ್ಟು ಬಿಚ್ಚಿಕೊಂಡಿರಬೇಕು.

ಸ್ಪ್ರಿಂಗ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಎರಡು ರಿಟರ್ನ್ ಸ್ಪ್ರಿಂಗ್ ಇರುವುದು ಒಳ್ಳೆಯದೇ. ಒಂದು ತುಂಡಾದರೆ ಇನ್ನೊಂದು ಥ್ರಾಟಲನ್ನು ಮುಚ್ಚುತ್ತದೆ. ಆದರೆ ಎಲ್ಲೋ ಹಿಡಿಯುತ್ತಿರುವುದನ್ನು ಬಲದಿಂದ ಗೆಲ್ಲಲು ಸ್ಪ್ರಿಂಗ್ ಹಾಕಬಾರದು. ಹಾಗೆ ಹಾಕಿದ ಸ್ಪ್ರಿಂಗ್ ರೋಗವನ್ನು ಮುಚ್ಚಿಡುತ್ತದೆ, ಮತ್ತೆ ಅದು ತೋರಿಸಿಕೊಳ್ಳುವುದು ಇನ್ನೂ ಕೆಟ್ಟ ಜಾಗದಲ್ಲಿ.

ನಾನು ಹೊಸ ವೈರ್ ತರುವ ಮಾತು ತೆಗೆದೆ. ಅಣ್ಣ ಬಿಡಲಿಲ್ಲ. "ಹಾಕು. ಆದರೆ ಇದು ಇಲ್ಲಿಯೇ ಯಾಕೆ ತುಂಡಾಯ್ತು? ಅದು ಗೊತ್ತಾಗದೆ ಹಾಕಿದರೆ ಬರುವ ಮಳೆಗಾಲಕ್ಕೆ ಪುನಃ ಇದೇ."

ಬೋಟಿನ ಕೆಲಸ ಮಾಡಿದವರ ಯೋಚನೆ ಅದು. ಸಮುದ್ರದ ಮಧ್ಯದಲ್ಲಿ ಸ್ಪೇರ್ ಅಂಗಡಿ ಇರುವುದಿಲ್ಲ.

ಹುಡುಗ ಪೆಡಲ್ ಒತ್ತಿದ, ನಾನು ಬಟರ್‌ಫ್ಲೈ ನೋಡಿದೆ, ಅಣ್ಣ ಬಗ್ಗಿ ಪೆಡಲ್ ನೋಡಿದರು. ಪೆಡಲ್ ಇನ್ನೂ ಮೇಲೆ ಇರುವಾಗಲೇ ಬಟರ್‌ಫ್ಲೈ ಪೂರ್ತಿ ನೆಟ್ಟಗೆ ತೆರೆದುಕೊಂಡು, ಲಿವರ್ ತನ್ನ ಕೊನೆಯ ಹಂತಕ್ಕೆ ತಾಗಿ ನಿಂತಿತು. ಪೆಡಲ್ ಮಾತ್ರ ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಅಂದರೆ ಆಮೇಲಿನ ಕಾಲಿನ ಬಲವೆಲ್ಲ ಆ ತೆಳು ವೈರಿನ ಮೇಲೆಯೇ. ಪೆಡಲ್ ಉದ್ದದ ಸನ್ನೆಗೋಲಿನ ಹಾಗೆ ಕೆಲಸ ಮಾಡುವುದರಿಂದ ವೈರಿಗೆ ಬೀಳುವ ಎಳೆತ ಕಾಲಿನ ಒತ್ತಡಕ್ಕಿಂತ ಜಾಸ್ತಿ. ಕೆಸರಿನಲ್ಲಿ ಗಾಡಿ ಕುಲುಕುವಾಗ ಬಲಗಾಲು ಎಷ್ಟು ಜೋರಾಗಿ ಬೀಳುತ್ತದೆ ಎಂಬುದು ಓಡಿಸಿದವರಿಗೆ ಗೊತ್ತು.

ಪೆಡಲಿನ ಹಿಂದೆ ಒಂದು ಸ್ಟಾಪರ್ ಬೋಲ್ಟ್ ಇರಬೇಕು. ಥ್ರಾಟಲ್ ಪೂರ್ತಿ ತೆರೆಯುವ ಹೊತ್ತಿಗೆ ಪೆಡಲ್ ಅದಕ್ಕೆ ತಾಗಬೇಕು, ಕಾಲಿನ ಭಾರ ಬಾಡಿಯ ಮೇಲೆ ಹೋಗಬೇಕು. ನಮ್ಮ ಗಾಡಿಯಲ್ಲಿ ಅದು ಇರಲೇ ಇಲ್ಲ. ಎಲ್ಲಿ ಹೋಯಿತು ಅಂತ ಯೋಚಿಸಿದಾಗ ನೆನಪಾಯಿತು. ಎರಡು ವರ್ಷದ ಹಿಂದೆ ಡ್ರೈವರ್ ಸೀಟಿನ ಮುಂದಿನ ತಗಡು ತುಕ್ಕು ಹಿಡಿದು ತೂತಾಗಿತ್ತು. ಸಮುದ್ರಕ್ಕೆ ಅರ್ಧ ಕಿಲೋಮೀಟರ್ ದೂರದಲ್ಲಿ ನಿಲ್ಲುವ ಗಾಡಿ, ತುಕ್ಕು ಹಿಡಿಯದೆ ಇರುತ್ತದಾ? ಟಿಂಕರಿಂಗಿಗೆ ಕೊಟ್ಟಿದ್ದೆ. ಹಳೆ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿ ಕೊಟ್ಟರು. ಹಳೆ ತಗಡಿನ ಜೊತೆಗೆ ಸ್ಟಾಪರ್ ಕೂಡ ಹೋಗಿದೆ. ವಾಪಸ್ ತಂದಾಗ ನಾನು ಪೇಂಟ್ ನೋಡಿದೆ, ವೆಲ್ಡಿಂಗ್ ನೋಡಿದೆ, ಇದನ್ನು ನೋಡಲಿಲ್ಲ. ತುಕ್ಕಿನಿಂದ ತಗಡು, ತಗಡಿನಿಂದ ಸ್ಟಾಪರ್, ಸ್ಟಾಪರ್ ಇಲ್ಲದ್ದರಿಂದ ವೈರ್. ಎರಡು ವರ್ಷ ಮೆಲ್ಲಗೆ ನಡೆದು ಬಂದದ್ದು ಎಂಟನೇ ತಿರುವಿನಲ್ಲಿ ಎದುರಿಗೆ ನಿಂತಿತ್ತು.

ವೈರ್ ಹುಡುಕುವುದಕ್ಕೆ ಎರಡು ದಿನ ಹೋಯಿತು. ಜಿಪ್ಸಿಯನ್ನು ಜನರಿಗೆ ಮಾರುವುದು 2019ರಲ್ಲೇ ನಿಂತಿದೆ. ಉಡುಪಿಯಲ್ಲಿ ಮೊದಲು ಸಿಕ್ಕಿದ್ದು ಎಂಪಿಎಫ್‌ಐ ಗಾಡಿಯದ್ದು, ತುದಿ ಹೊಂದಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಸರಿಯಾದದ್ದು ಸಿಕ್ಕಿತು. ಹಳೆ ವೈರನ್ನು ಸ್ಯಾಂಪಲ್ ಆಗಿ ಹಿಡಿದುಕೊಂಡು ಹೋದದ್ದು ಒಳ್ಳೆಯದಾಯಿತು. ಔಟರಿನ ಉದ್ದ, ಹೊರಗೆ ಕಾಣುವ ಇನ್ನರಿನ ಉದ್ದ, ಎರಡು ತುದಿಯಲ್ಲಿ ವೈರನ್ನು ಹಿಡಿದಿಡುವ ನಿಪ್ಪಲ್, ಮೂರನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿಯೇ ದುಡ್ಡು ಕೊಟ್ಟೆ. ಅಂಗಡಿಯಲ್ಲಿದ್ದ ಒಬ್ಬರು ಬೈಕಿನ ವೈರಿಗೆ ಸ್ಕ್ರೂ ನಿಪ್ಪಲ್ ಹಾಕಿದರೆ ಸಾಕು ಅಂದರು. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲು ಅದು ಸರಿ. ಘಾಟಿಗೆ ಹೋಗುವ ಗಾಡಿಗೆ ನಾನು ಅದನ್ನು ಹಾಕುವುದಿಲ್ಲ.

ಹಾಕುವ ಮೊದಲು ಎಣ್ಣೆಯ ಪ್ರಶ್ನೆ ಬಂತು. ಅಮ್ಮ ತೆಂಗಿನೆಣ್ಣೆ ತಂದರು. ನಮ್ಮ ಕಡೆ ಬಾಗಿಲಿನ ಕೀಲು, ಬೀಗ, ಹೊಲಿಗೆ ಮೆಷಿನ್ ಎಲ್ಲದಕ್ಕೂ ಅದೇ ಅಲ್ವಾ? ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುವುದನ್ನು ಎಲ್ಲರೂ ನೋಡಿದ್ದೇವೆ. ಆಗುಂಬೆಯ ಮಳೆಯಲ್ಲಿ ವೈರಿನೊಳಗೂ ಹಾಗೆಯೇ ಕೂರುತ್ತದೆ. ಗ್ರೀಸ್ ಕೂಡ ಬೇಡ, ಧೂಳು ಮರಳನ್ನು ಎಳೆದು ಹಿಡಿದು ಉಜ್ಜುವ ಪೇಸ್ಟ್ ಆಗುತ್ತದೆ. ಹೊಸ ವೈರಿನ ಔಟರ್ ಒಳಗೆ ಪ್ಲಾಸ್ಟಿಕ್ ಲೈನರ್ ಇತ್ತು. ಅಂಥದ್ದಕ್ಕೆ ಎಣ್ಣೆಯೇ ಬೇಕಿಲ್ಲ. ಹಾಗೆಯೇ ಹಾಕಿದೆವು.

ಹಳೆಯದು ಹೋದ ದಾರಿಯಲ್ಲೇ ಹೊಸದನ್ನು ಒಯ್ದೆವು. ಎಲ್ಲೂ ಚೂಪಾದ ತಿರುವು ಇಲ್ಲದ ಹಾಗೆ, ಬಿಸಿ ಪೈಪಿಗೆ ತಾಗದ ಹಾಗೆ. ಎಂಜಿನ್ ಕೋಣೆಯಿಂದ ಒಳಗೆ ಬರುವ ತೂತಿನ ರಬ್ಬರ್ ಗ್ರಾಮೆಟ್ ಹರಿದಿತ್ತು, ಅದನ್ನೂ ಬದಲಾಯಿಸಿದೆ. ಅಡ್ಜಸ್ಟ್ ಮಾಡುವಾಗ ವೈರನ್ನು ಬಿಗಿಯಾಗಿ ಎಳೆಯಲಿಲ್ಲ. ಸ್ವಲ್ಪ ಸಡಿಲ ಬೇಕು. ಎಂಜಿನ್ ತನ್ನ ಮೌಂಟಿನ ಮೇಲೆ ಆಚೀಚೆ ಅಲ್ಲಾಡುತ್ತದೆ, ಸಡಿಲ ಇಲ್ಲದಿದ್ದರೆ ಆ ಅಲ್ಲಾಟವೇ ಥ್ರಾಟಲನ್ನು ಎಳೆಯುತ್ತದೆ.

ಸ್ಟಾಪರಿಗೆ ಅಣ್ಣನೇ ಒಂದು ದಪ್ಪ ಬೋಲ್ಟ್ ಮತ್ತು ಎರಡು ನಟ್ ತಂದರು. ವೆಲ್ಡಿಂಗಿನವರ ಹತ್ತಿರ ತಗಡಿಗೆ ಒಂದು ದಪ್ಪ ಪಟ್ಟಿ ಕೂರಿಸಿ ಅದರಲ್ಲಿ ಬೋಲ್ಟ್ ನಿಲ್ಲಿಸಿದೆವು. ಹುಡುಗ ಪೆಡಲ್ ಒತ್ತಿ ಹಿಡಿದ. ಬಟರ್‌ಫ್ಲೈ ನೆಟ್ಟಗೆ ನಿಂತ ಕ್ಷಣಕ್ಕೆ ಪೆಡಲ್ ಬೋಲ್ಟಿಗೆ ತಾಗುವ ಹಾಗೆ ಎತ್ತರ ಹೊಂದಿಸಿ ನಟ್ ಬಿಗಿದೆ. ಹೆಬ್ರಿಯ ದಪ್ಪ ಸ್ಪ್ರಿಂಗ್ ವಾಪಸ್ ಹೋಗಲಿಲ್ಲ. ಅದರ ಬದಲು ಮೊದಲಿನದರಷ್ಟೇ ತೆಳುವಾದ ಇನ್ನೊಂದನ್ನು ಬೇರೆ ಕೊಕ್ಕೆಗೆ ಹಾಕಿದೆ.

ಎಂಜಿನ್ ಆಫ್ ಇಟ್ಟು 50 ಸಲ ಪೂರ್ತಿ ಒತ್ತಿಸಿದೆ. ಹುಡುಗ ಗಟ್ಟಿಯಾಗಿ ಎಣಿಸುತ್ತಿದ್ದ. ಮೆಲ್ಲ ಬಿಟ್ಟು ನೋಡಿದೆವು, ಫಟ್ ಅಂತ ಬಿಟ್ಟು ನೋಡಿದೆವು. ಆಮೇಲೆ ಎಂಜಿನ್ ಶುರು ಮಾಡಿ, ಬಿಸಿಯಾದ ಮೇಲೆ ಮತ್ತೆ. ಆಮೇಲೆ ಬೆಳಗಿನ ಜಾವ, ರಸ್ತೆ ಖಾಲಿ ಇರುವಾಗ, ಅದೇ ಮಣಿಪಾಲದ ಏರು. ಕಾಲು ತೆಗೆದ ಕೂಡಲೇ ಸದ್ದು ಇಳಿಯುತ್ತಿತ್ತು. ಪೆಡಲ್ ಮೊದಲಿನ ಹಾಗೆ ಹಗುರ.

ಎರಡು ವಾರ ಬಿಟ್ಟು ಆಗುಂಬೆಗೆ ಹೋದೆವು. ಈ ಸಲ ಅಣ್ಣನೂ ಹಿಂದಿನ ಸೀಟಿನಲ್ಲಿ ಇದ್ದರು. ಸೋಮೇಶ್ವರದಲ್ಲಿ ಚಹಾ ಕುಡಿದು, ಬಾನೆಟ್ ಎತ್ತಿ, ವೈರಿನ ಬಾಯಿಗೆ ಹತ್ತಿ ಬಟ್ಟೆ ಸವರಿ ನೋಡಿದರು. ಎಳೆ ತುಂಡಾಗಿದ್ದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬಟ್ಟೆ ಜಾರಿತು. "ಹೋಗುವ" ಅಂದರು. ಏಳನೇ ತಿರುವು ದಾಟಿದ ಮೇಲೆ ಹುಡುಗ ಎಣಿಸುವುದನ್ನು ನಿಲ್ಲಿಸಿ ನನ್ನ ಕಾಲನ್ನೇ ನೋಡುತ್ತಿದ್ದ. ಏರಿಗೆ ಪೂರ್ತಿ ಒತ್ತಿದೆ. ಬೋಲ್ಟಿಗೆ ಪೆಡಲ್ ತಾಗಿದ್ದು ಅಂಗಾಲಿಗೆ ಗೊತ್ತಾಯಿತು. ಕಾಲು ತೆಗೆದೆ, ಎಂಜಿನ್ ಇಳಿಯಿತು, ತಿರುಗಿದೆವು.

"ಎಂಟು" ಅಂದ ಹುಡುಗ.